ಗಂಗಾಮೂಲದಿಂದ ಕೇಡಗಾಂವ್‌ವರೆಗೆ: ಪಂಡಿತಾ ರಮಾಬಾಯಿ

ಪುಣೆಯಿಂದ ಸೊಲ್ಲಾಪುರದ ಕಡೆಗೆ ಹೋಗುವ ರೈಲುಗಾಡಿಯಲ್ಲಿ ಕುಳಿತು ಊರಿಗೆ ಹೊರಟಾಗ, ದೌಂಡ್ ಜಂಕ್ಷನ್ ಬರುವ ಮೊದಲೇ ಕೇಡಗಾಂವ್ ಎಂಬ ಪುಟ್ಟ ನಿಲ್ದಾಣವೊಂದು ಹಾದುಹೋಗುತ್ತದೆ. ನಮ್ಮಲ್ಲಿ ಅನೇಕರು ಆ ಹೊತ್ತಿಗೆ ಬುತ್ತಿಯ ಗಂಟು ಬಿಚ್ಚುವುದರಲ್ಲಿ ಮಗ್ನರಾಗಿರುತ್ತೇವೆ. ಆ ನಿಲ್ದಾಣದ ಸಮೀಪದಲ್ಲಿಯೇ ನಮ್ಮ ಸಹ್ಯಾದ್ರಿಯ ಮಡಿಲಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ಕಟ್ಟಿದ ಮುಕ್ತಿ ಸದನವಿದೆ. ಮಹಾರಾಷ್ಟ್ರೀಯರು ಆಕೆಯನ್ನು ತಮ್ಮವರೆಂದು ಕೊಂಡಾಡುತ್ತಾರೆ, ಅದು ಸರಿಯೇ. ಆದರೆ ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೂ ಆಕೆಯ ಮೇಲೆ ಒಂದಿಷ್ಟು ಹಕ್ಕಿದೆಯೆಂಬುದನ್ನು ನಾವೇಕೋ ಮರೆತಿದ್ದೇವೆ.

ರಮಾಬಾಯಿ ಜನಿಸಿದ್ದು 1858ರ ಏಪ್ರಿಲ್ 23ರಂದು, ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ನೆಲವದು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಊರಿನ ಚಿತ್ಪಾವನ ಮನೆತನದವರು. ಅವರು ಎಳೆಯ ವಯಸ್ಸಿನಲ್ಲಿ ವಿದ್ಯೆಯನ್ನರಸಿ ಇದೇ ಪುಣೆಗೆ ಬಂದಿದ್ದರು. ಇಲ್ಲಿ ಗುರುಗಳಾದ ರಾಮಚಂದ್ರಶಾಸ್ತ್ರಿಗಳು ಪೇಶ್ವೆ ಎರಡನೆಯ ಬಾಜೀರಾಯನ ಪತ್ನಿಗೆ ಸಂಸ್ಕೃತ ಹೇಳಿಕೊಡುತ್ತಿದ್ದುದನ್ನು ಕಂಡು ಬೆರಗಾದರು. ಹೆಂಗಸಿನ ಬಾಯಲ್ಲಿ ಶ್ಲೋಕ ಕೇಳಿದ ಆ ತರುಣ, ಊರಿಗೆ ಮರಳಿದ ಮೇಲೆ ತನ್ನ ಮನೆಯಾಕೆಗೂ ಪಾಠ ಹೇಳತೊಡಗಿದ. ಮನೆಯವರು ಒಪ್ಪಲಿಲ್ಲ. ಮುಂದೆ ಎರಡನೆಯ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಿದಾಗ ಬಂಧುಬಳಗದವರ ವಿರೋಧ ಬೆಳೆದು, ಶಾಸ್ತ್ರಿಗಳು ಉಡುಪಿಯಲ್ಲಿ ವಿದ್ವಾಂಸರೆದುರು ತಮ್ಮ ನಡತೆಯನ್ನು ಶಾಸ್ತ್ರಾಧಾರದಿಂದಲೇ ಸಮರ್ಥಿಸಿಕೊಳ್ಳಬೇಕಾಯಿತು. ಆ ಮೇಲೆ ಅವರು ಕಾಡು ಸೇರಿ ಆಶ್ರಮ ಕಟ್ಟಿಕೊಂಡರು.

ಬಂದ ಯಾತ್ರಿಕರಿಗೆಲ್ಲ ಅನ್ನವಿಕ್ಕಿ ಆಶ್ರಮ ಸಾಲದಲ್ಲಿ ಮುಳುಗಿತು. ರಮಾಬಾಯಿಗೆ ಆರು ತಿಂಗಳಾಗಿದ್ದಾಗ ಸಂಸಾರವೇ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳೊಬ್ಬನ ತಲೆಯ ಮೇಲೆ ಹೊರಿಸಿ ಬೆಟ್ಟವಿಳಿಸಿದರಂತೆ. ಅನಂತರ ನೆಲೆಯೆಂಬುದೇ ಇಲ್ಲ. ದೇವಾಲಯದ ಪಡಸಾಲೆಯಲ್ಲಿ ಪುರಾಣ ಹೇಳುವುದು, ಕೇಳುಗರು ಕೊಟ್ಟ ಅಕ್ಕಿ ಕಾಸುಗಳಿಂದ ಹೊಟ್ಟೆ ಹೊರೆಯುವುದು, ಮುಂದಿನ ಕ್ಷೇತ್ರಕ್ಕೆ ನಡೆಯುವುದು. ಶಾಲೆಯ ಮುಖ ಕಾಣದ ಹುಡುಗಿಗೆ ಬೆಳಗಿನ ಜಾವ ತಾಯಿಯೇ ಪಾಠ ಹೇಳಿದರು. ಹದಿನೆಂಟು ಸಾವಿರ ಶ್ಲೋಕಗಳ ಭಾಗವತ ಹೀಗೆ ನಡೆಯುತ್ತ ನಡೆಯುತ್ತಲೇ ಕಂಠಸ್ಥವಾಯಿತು. ಮರಾಠಿಯ ಜೊತೆಗೆ ಕನ್ನಡ, ಹಿಂದಿ, ಬಂಗಾಳಿಗಳನ್ನೂ ಈ ಅಲೆದಾಟವೇ ಕಲಿಸಿತು.

1876-77ರ ಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರದ ಬರ ಎಂದು ನೆನೆಯುತ್ತಿದ್ದರು. ಆ ಬರದಲ್ಲಿ ತಂದೆ, ತಾಯಿ, ಅಕ್ಕ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ತಾಯಿಯ ಚಟ್ಟಕ್ಕೆ ಹೆಗಲು ಕೊಡಲು ಜನ ಸಾಲದೆ ಮಗಳೇ ಕೈಗೂಡಿಸಿದಳು. ಆಕೆ ಕುಳ್ಳಿಯಾದುದರಿಂದ ಹೆಗಲಿಗೆ ಬದಲು ತಲೆಯ ಮೇಲೆ ಹೊರಬೇಕಾಯಿತು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾ. ಇಬ್ಬರೂ ಉತ್ತರದ ಕಡೆ ನಡೆದು 1878ರಲ್ಲಿ ಕಲಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದಿತ್ತರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಜಾತಿ ಮೀರಿದ ವಿವಾಹವಾಯಿತು. ಮಗಳು ಮನೋರಮಾ ಹುಟ್ಟಿದ ಮರುವರ್ಷ, 1882ರಲ್ಲಿ, ಕಾಲರಾ ಪತಿಯನ್ನು ಕೊಂಡೊಯ್ಯಿತು. ಇಪ್ಪತ್ತನಾಲ್ಕು ತುಂಬುವ ಮೊದಲೇ ಆಕೆ ಇಷ್ಟೆಲ್ಲವನ್ನೂ ಕಂಡಿದ್ದಳು.

ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಪುಣೆಗೆ ಬಂದ ಆ ತರುಣ ವಿಧವೆಯನ್ನು ನ್ಯಾಯಮೂರ್ತಿ ರಾನಡೆ ಮೊದಲಾದ ಸುಧಾರಕರು ಆದರಿಸಿದರು. 1882ರಲ್ಲಿ ಆರ್ಯ ಮಹಿಳಾ ಸಮಾಜ ಸ್ಥಾಪನೆಯಾಯಿತು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದ ರಮಾಬಾಯಿ, ಹೆಣ್ಣುಮಕ್ಕಳಿಗೆ ಕಲಿಸಲು ಶಿಕ್ಷಕಿಯರೂ ಅವರಿಗೆ ಮದ್ದು ಕೊಡಲು ವೈದ್ಯೆಯರೂ ಬೇಕೆಂದು ವಾದಿಸಿದರು. ತಾವೇ ವೈದ್ಯೆಯಾಗಬೇಕೆಂಬ ಆಸೆಯಿಂದ ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕ ಬರೆದು, ಅದರಿಂದ ದೊರೆತ ಹಣದ ನೆರವಿನಿಂದ 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ಕಿವಿ ಮಂದವಾದುದರಿಂದ ವೈದ್ಯವಿದ್ಯೆಯ ಕನಸು ಕೈಬಿಟ್ಟಿತು. ಜೊತೆಗೆ ಬಂದಿದ್ದ ಗೆಳತಿ ಆನಂದೀಬಾಯಿ ಭಗತ್ ಅಲ್ಲಿಯೇ ದುರಂತ ಮರಣಕ್ಕೀಡಾದರು. ಅದೇ ಸೆಪ್ಟೆಂಬರಿನಲ್ಲಿ ವಾಂಟೇಜ್‌ನ ಮಠದಲ್ಲಿ ರಮಾಬಾಯಿ ಕ್ರೈಸ್ತ ದೀಕ್ಷೆ ಪಡೆದರು. ಆದರೆ ಮಠದ ಗುರುಮಾತೆಯರಿಗೆ ಆಕೆ ವಿಧೇಯ ಶಿಷ್ಯೆಯಾಗಿರಲಿಲ್ಲ. ತ್ರಿತ್ವದ ತತ್ತ್ವವನ್ನು ಪ್ರಶ್ನಿಸಿದರು, ಶಾಕಾಹಾರ ಬಿಡಲೊಪ್ಪಲಿಲ್ಲ. ಉಡುಪಿಯಲ್ಲಿ ವಾದಿಸಿದವರ ಮಗಳಲ್ಲವೇ!

ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಕಲಿಯುತ್ತ ಸಂಸ್ಕೃತ ಕಲಿಸಿದ ಮೇಲೆ, 1886ರಲ್ಲಿ ಬಂಧುವಾದ ಆನಂದೀಬಾಯಿ ಜೋಶಿಯವರ ವೈದ್ಯಪದವಿ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದರು. ಅಲ್ಲಿ ಫ್ರೋಬೆಲ್‌ನ ಶಿಶುವಿಹಾರ ಪದ್ಧತಿಯನ್ನು ಮನಸ್ಸಿಟ್ಟು ಕಲಿತರು, ಮೇಲುಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, ಊರೂರು ಸುತ್ತಿ ಭಾಷಣ ಮಾಡಿ ಹತ್ತು ವರ್ಷಗಳ ನೆರವಿನ ವಚನ ಪಡೆದರು. 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ತೆರೆಯಿತು. ಮೊದಲಿಗೆ ಇಬ್ಬರೇ ವಿದ್ಯಾರ್ಥಿನಿಯರು. ಅವರಲ್ಲೊಬ್ಬಳು ಗೋದೂಬಾಯಿ ಎಂಬ ಬಾಲವಿಧವೆ. ಮುಂದಿನ ವರ್ಷ ಸದನ ಪುಣೆಗೆ ಬಂದಿತು.

ಸದನದ ದಿನಚರಿಯನ್ನು ನಾವಿಲ್ಲಿ ಸ್ವಲ್ಪ ನಿಂತು ನೋಡಬೇಕು. ಕೇಶಮುಂಡನವಾಗಿ ಮನೆಯ ಕತ್ತಲೆ ಮೂಲೆಯಲ್ಲಿ ಕುಳಿತಿದ್ದ ಹುಡುಗಿಯರು ಅಲ್ಲಿ ತೋಟದಲ್ಲಿ ಓಡಾಡಬಹುದಿತ್ತು, ಹೂ ಮುಡಿಯಬಹುದಿತ್ತು. ಬ್ರಾಹ್ಮಣ ಹುಡುಗಿಯರಿಗೆ ಅವರ ಆಚಾರದಂತೆಯೇ ಅಡುಗೆ ಊಟಗಳ ಏರ್ಪಾಡಿತ್ತು. ಪೂಜೆ ವ್ರತಗಳಿಗೆ ಅಡ್ಡಿಯಿರಲಿಲ್ಲ. ಬಿಳಿಯ ಸೀರೆಯುಟ್ಟ ಪಂಡಿತೆ ಅಕ್ಷರವನ್ನೂ ಅಂಕಗಣಿತವನ್ನೂ ಕಲಿಸುವರು. ಕೂಸುಗಳಿಗೆ ಆಟದ ಮೂಲಕ ಪಾಠ. ಬೆಳಗ್ಗೆ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆಗೆ ಕುಳಿತಾಗ ಮಾತ್ರ ಆಕೆ ಬಾಗಿಲು ಮುಚ್ಚುತ್ತಿರಲಿಲ್ಲ. ಬರುವವರನ್ನು ಕರೆಯಲಿಲ್ಲ, ಬಂದವರನ್ನು ಕಳುಹಿಸಲಿಲ್ಲ.

ಆ ತೆರೆದ ಬಾಗಿಲೇ ದೊಡ್ಡ ಕೋಲಾಹಲಕ್ಕೆ ಕಾರಣವಾಯಿತು. ತಿಲಕರ ಕೇಸರಿ ಪತ್ರಿಕೆ ಸದನವನ್ನು ಕಟುವಾಗಿ ಟೀಕಿಸಿತು. ಧರ್ಮದ ವಿಷಯದಲ್ಲಿ ತಟಸ್ಥವಾಗಿರುವೆವೆಂದು ಮಾತು ಕೊಟ್ಟ ಸಂಸ್ಥೆಯಲ್ಲಿ ಇದು ಸಲ್ಲದೆಂದು ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಾಂಡಾರಕರರೂ 1893ರಲ್ಲಿ ದೂರ ಸರಿದರು. ಪೋಷಕರು ಸುಮಾರು 25 ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಮಕ್ಕಳನ್ನು ನಂಬಿ ಒಪ್ಪಿಸಿದವರ ಆತಂಕವನ್ನು ನಾವು ತಳ್ಳಿಹಾಕಲಾರೆವು, ಹೆಣ್ಣುಮಕ್ಕಳ ತಂದೆತಾಯಿಗಳಾದ ನಾವು ಆ ಸ್ಥಳದಲ್ಲಿದ್ದರೆ ಅಂಜುತ್ತಿರಲಿಲ್ಲವೆಂದು ಹೇಗೆ ಹೇಳುವುದು? ಆದರೆ ತನ್ನದೇ ಮನೆಯಲ್ಲಿ ತನ್ನ ದೇವರನ್ನು ಬಾಗಿಲು ಹಾಕಿಕೊಂಡು ನೆನೆಯಬೇಕೆಂಬ ನಿಬಂಧನೆಯನ್ನು ಆಕೆಯಂಥವರು ಒಪ್ಪುವುದೂ ಸಾಧ್ಯವಿರಲಿಲ್ಲ. ಗಾಡಿಯೇರಿ ಹಿಂದಿರುಗಿದ ಆ ಹುಡುಗಿಯರನ್ನು ಮಾತ್ರ ಯಾರೂ ಏನೂ ಕೇಳಿದಂತೆ ತೋರುವುದಿಲ್ಲ. ಅದೇ ವರ್ಷ ಗೋದೂಬಾಯಿ ಹಿಂದೂವಾಗಿಯೇ ಉಳಿದು ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದಳು. ಕರ್ವೆಯವರು 1896ರಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದದ್ದನ್ನು ಪುಣೆಯವರಿಗೆ ಹೇಳಬೇಕಾಗಿಲ್ಲ.

1896ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿತ್ತು. ಇಪ್ಪತ್ತು ವರ್ಷಗಳ ಹಿಂದೆ ತಾನು ಕಂಡ ಹಸಿವು ರಮಾಬಾಯಿಯನ್ನು ಸುಮ್ಮನೆ ಕೂರಲು ಬಿಡಲಿಲ್ಲ. ತಾವೇ ಅಲ್ಲಿಗೆ ಹೋಗಿ, ದಿಕ್ಕಿಲ್ಲದ ಸುಮಾರು 300 ಹೆಂಗಸರು ಮಕ್ಕಳನ್ನು ಕರೆತಂದರು. ಆಗ ಪುಣೆಯಲ್ಲಿ ಪ್ಲೇಗು. ಹೊಸಬರನ್ನು ಊರಲ್ಲಿ ಇಟ್ಟುಕೊಳ್ಳಲು ಸರ್ಕಾರ ಬಿಡಲಿಲ್ಲ. ಸದನದ ಆದಾಯಕ್ಕೆಂದು ಕೇಡಗಾಂವ್‌ನಲ್ಲಿ ಕೊಂಡಿದ್ದ ಹೊಲವೇ ಆಸರೆಯಾಯಿತು. ಪ್ಲೇಗು ಆಸ್ಪತ್ರೆಗಳಲ್ಲಿ ಹೆಂಗಸರ ಪಾಡನ್ನು ಖಂಡಿಸಿ 1897ರಲ್ಲಿ ಆಕೆ ಪತ್ರಿಕೆಗೆ ಬರೆದ ಕಾಗದ ಸರ್ಕಾರವನ್ನೂ ಕೆರಳಿಸಿತು. ಅಂದರೆ ಸನಾತನಿಗಳಿಗೂ ಬೇಡವಾದಾಕೆ ಆಳರಸರಿಗೂ ಬೇಡವಾದಳು!

1900ರ ಗುಜರಾತಿನ ಬರದ ನಂತರ ಮುಕ್ತಿಯಲ್ಲಿದ್ದವರ ಸಂಖ್ಯೆ 2,000ದ ಸಮೀಪಕ್ಕೆ ಬಂದಿತು. ಬಾವಿ ತೋಡಿಸಬೇಕು, ಬೇಸಾಯ ನಡೆಯಬೇಕು, ಮಗ್ಗ, ಗಾಣ, ಹೈನು, ಮುದ್ರಣಾಲಯ, ಎಲ್ಲದರಲ್ಲೂ ಹೆಂಗಸರೇ. ಅರ್ಧ ದಿನ ದುಡಿಮೆಯಾದರೆ ಅರ್ಧ ದಿನ ಓದು. ಕುರುಡರಿಗೆ ಮನೋರಮಾ ಬ್ರೈಲ್ ಲಿಪಿಯಲ್ಲಿ ಕಲಿಸಿದರು. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತ ರಮಾಬಾಯಿ ಬೈಬಲನ್ನು ಅಲ್ಪ ಓದಿನ ಹೆಂಗಸರಿಗೂ ತಿಳಿಯುವ ಮರಾಠಿಗೆ ತರಲು ಕುಳಿತರು. ಅಕ್ಷರ ಜೋಡಿಸಿದವರು ಮುಕ್ತಿಯ ಹೆಂಗಸರು.

ಇನ್ನೊಂದು ಸಂಗತಿಯನ್ನು ನಾವು ಹೇಳದೆ ಬಿಡಲಾರೆವು. 1910ರ ದಶಕದಲ್ಲಿ ರಮಾಬಾಯಿಯವರು ನಿಜಾಮನ ಆಳ್ವಿಕೆಯಲ್ಲಿದ್ದ ಗುಲಬರ್ಗಾದಲ್ಲಿಯೂ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆಸಿದರು. ಅದರ ಹೊಣೆ ಹೊತ್ತವರು ಮನೋರಮಾ. ಕೇಡಗಾಂವ್ ದಾಟಿದ ಅದೇ ಹಳಿಗಳು ಗುಲಬರ್ಗಾವನ್ನೂ ಮುಟ್ಟುತ್ತವೆ. ಹೀಗೆ ಕನ್ನಡ ನಾಡಿನಿಂದ ಬೆತ್ತದ ಬುಟ್ಟಿಯಲ್ಲಿ ಹೊರಟ ಮಗು ಅದೇ ನಾಡಿಗೊಂದು ಶಾಲೆಯನ್ನು ಕಳುಹಿಸಿಕೊಟ್ಟಿತು.

1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ನೀಡಿತು. 1921ರ ಜುಲೈಯಲ್ಲಿ ನಲವತ್ತರ ಮನೋರಮಾ ತಾಯಿಗಿಂತ ಮೊದಲೇ ಕಣ್ಮುಚ್ಚಿದರು. ರಮಾಬಾಯಿ ಉಳಿದ ಕರಡುಗಳನ್ನು ತಿದ್ದುತ್ತ ಇನ್ನೂ ಕೆಲವು ತಿಂಗಳು ಬದುಕಿದ್ದು, 1922ರ ಏಪ್ರಿಲ್ 5ರಂದು ಕೇಡಗಾಂವ್‌ನಲ್ಲಿ ನಿಧನರಾದರು. ಆಕೆಯ ಬೈಬಲ್ ಎರಡು ವರ್ಷಗಳ ನಂತರ, 1924ರಲ್ಲಿ, ಸಂಪೂರ್ಣವಾಗಿ ಅಚ್ಚಾಗಿ ಹೊರಬಂದಿತು.