ಜನರಲ್ ತಿಮ್ಮಯ್ಯ: ರಣರಂಗದಲ್ಲಿಯೂ ದಯೆ ಮರೆಯದ ಕಾಯಕಜೀವಿ

ಕಾಯಕವೂ ದಯೆಯೂ ಶರಣ ಧರ್ಮದ ಆಧಾರಗಳು. ಆಯುಧ ಹಿಡಿದವನ ವೃತ್ತಿಯೂ ಕಾಯಕವಾಗಬಲ್ಲುದೇ ಎಂಬ ಪ್ರಶ್ನೆ ಭಕ್ತರಲ್ಲಿ ಮೂಡುವುದು ಸಹಜ. ಈ ಪ್ರಶ್ನೆಗೆ ಕೊಡಗಿನ ವೀರಪುತ್ರ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಬಾಳಿನಲ್ಲಿ ನಾವು ಉತ್ತರ ಕಾಣುತ್ತೇವೆ.

1906ರಲ್ಲಿ ಮಡಿಕೇರಿಯಲ್ಲಿ ಜನಿಸಿದ ತಿಮ್ಮಯ್ಯನವರು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು, 1926ರಲ್ಲಿ ಸೇನಾಧಿಕಾರಿಯಾದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಪ್ರದೇಶದಲ್ಲಿ ಹೈದರಾಬಾದ್ ರೆಜಿಮೆಂಟಿನ ಪದಾತಿ ದಳವನ್ನು ಮುನ್ನಡೆಸಿದರು. ಮುಂದೆ ರಣರಂಗದಲ್ಲಿಯೇ ಬ್ರಿಗೇಡಿನ ನಾಯಕತ್ವವನ್ನೂ ವಹಿಸಿಕೊಂಡರು.

1948ರಲ್ಲಿ ಕಾಶ್ಮೀರದ ರಕ್ಷಣೆಯ ಹೊಣೆ ಅವರ ಹೆಗಲೇರಿತು. ಲೇಹ್ ಪಟ್ಟಣವು ಅಪಾಯದಲ್ಲಿದ್ದಾಗ, ಆ ಎತ್ತರದ ನಾಡಿನಲ್ಲಿ ಇಳಿದ ಮೊದಲ ವಿಮಾನದಲ್ಲಿ ವಾಯುಪಡೆಯ ಮೆಹರ್ ಸಿಂಗ್ ಅವರೊಡನೆ ತಾವೇ ಪಯಣಿಸಿದರು. ಲೇಹ್‌ನ ದಾರಿಯಲ್ಲಿದ್ದ ಜೋಜಿ ಲಾ ಕಣಿವೆಮಾರ್ಗವನ್ನು ಶತ್ರುಗಳು ಹಿಡಿದಿದ್ದರು. ಮದ್ರಾಸ್ ಸ್ಯಾಪರ್ಸ್ ಯೋಧರು ಕಾಲುದಾರಿಯನ್ನು ಅಗಲಗೊಳಿಸಿದರು. ನವೆಂಬರ್ 1ರಂದು, ಸುಮಾರು 11,500 ಅಡಿ ಎತ್ತರದಲ್ಲಿ, ಹಿಮದ ನಡುವೆ ಟ್ಯಾಂಕುಗಳು ಮೇಲೇರಿದವು. ಮುಂಚೂಣಿಯ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯನವರಿದ್ದರು. ತಾನು ಹೋಗದ ಕಡೆಗೆ ಸಿಪಾಯಿಯನ್ನು ಕಳುಹಿಸದಿರುವುದೇ ಅವರ ನಾಯಕತ್ವದ ತಿರುಳು.

ಅವರ ನಿಜವಾದ ಪರೀಕ್ಷೆ ನಡೆದುದು 1953ರಲ್ಲಿ, ಕೊರಿಯಾದಲ್ಲಿ. ಅಲ್ಲಿ ಯುದ್ಧವು ನಿಂತಿತ್ತು. ಆದರೆ ತಾಯ್ನಾಡಿಗೆ ಮರಳಲೊಲ್ಲದ 22,000ಕ್ಕೂ ಹೆಚ್ಚು ಸೆರೆಯಾಳುಗಳ ಭವಿಷ್ಯ ಇತ್ಯರ್ಥವಾಗಬೇಕಿತ್ತು. ಇದಕ್ಕಾಗಿ ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಶಿಬಿರಗಳಲ್ಲಿ ಗಲಭೆಗಳೆದ್ದವು, ಎರಡೂ ಪಕ್ಷಗಳು ದೂರಿದವು. ಆದರೂ ಯಾವ ಸೆರೆಯಾಳನ್ನೂ ಅವನ ಇಚ್ಛೆಗೆ ವಿರುದ್ಧವಾಗಿ ತಾಯ್ನಾಡಿಗೆ ಬಲವಂತದಿಂದ ಕಳುಹಿಸಲಿಲ್ಲ. ಬಲವುಳ್ಳವನು ಬಲವನ್ನು ತಡೆಹಿಡಿಯುವುದು ಯುದ್ಧ ಗೆಲ್ಲುವುದಕ್ಕಿಂತ ಕಠಿಣವೆಂದು ನಾವು ಭಾವಿಸುತ್ತೇವೆ.

1957ರಿಂದ 1961ರವರೆಗೆ ಅವರು ಭೂಸೇನೆಯ ಮುಖ್ಯಸ್ಥರಾಗಿದ್ದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಭಿನ್ನಾಭಿಪ್ರಾಯ ತಲೆದೋರಿದಾಗ 1959ರಲ್ಲಿ ರಾಜೀನಾಮೆ ಸಲ್ಲಿಸಿದರು. ಪ್ರಧಾನಿ ನೆಹರೂ ಅವರ ಮಾತಿಗೆ ಮನ್ನಣೆಯಿತ್ತು ಅದನ್ನು ಹಿಂಪಡೆದರು. ನಿವೃತ್ತಿಯ ಬಳಿಕವೂ ವಿಶ್ರಾಂತಿಯನ್ನು ಬಯಸದೆ, 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾದರು. ಅಲ್ಲಿ ಗ್ರೀಕರು ಮತ್ತು ತುರ್ಕರ ನಡುವೆ ಶಾಂತಿ ಕಾಯುತ್ತಿರುವಾಗಲೇ 1965ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ನಿಧನರಾದರು. ಮರುವರ್ಷ ಸೈಪ್ರಸ್ ಅವರ ಸ್ಮರಣೆಗೆ ಅಂಚೆಚೀಟಿ ಹೊರಡಿಸಿತು.

ಮಡಿಕೇರಿಯಲ್ಲಿರುವ ಅವರ ಮನೆ ‘ಸನ್ನಿ ಸೈಡ್’ ಇಂದು ಸ್ಮಾರಕ ವಸ್ತುಸಂಗ್ರಹಾಲಯವಾಗಿದೆ. ಭಕ್ತರು ಮಕ್ಕಳೊಡನೆ ಅದನ್ನು ಸಂದರ್ಶಿಸಲಿ. ಶೌರ್ಯವು ದ್ವೇಷವನ್ನು ಬೇಡುವುದಿಲ್ಲ, ಕಾಯಕಕ್ಕೆ ನಿವೃತ್ತಿಯಿಲ್ಲ ಎಂಬ ಅರಿವು ಯುವಪೀಳಿಗೆಯಲ್ಲಿ ನೆಲೆಗೊಳ್ಳಲೆಂದು ನಾವು ಹಾರೈಸುತ್ತೇವೆ.