ರಾಸ್ ಫ್ರೀಮನ್

ರಾಸ್ ಫ್ರೀಮನ್ (೧೯೪೮–೧೯೮೯) ಅಮೆರಿಕದ ಎಂಜಿನಿಯರ್. ಎಫ್‌ಪಿಜಿಎ ಚಿಪ್‌ನ ಆವಿಷ್ಕಾರಕರು. ಮಿಷಿಗನ್ ರಾಜ್ಯದಲ್ಲಿ ಜನಿಸಿ, ಭೌತಶಾಸ್ತ್ರ ವ್ಯಾಸಂಗ ಮಾಡಿದ ಇವರು ಕೆಲಕಾಲ ಘಾನಾದಲ್ಲಿ ಗಣಿತ ಬೋಧಿಸಿದರು.

ತಂತ್ರಾಂಶವನ್ನು ಸುಲಭವಾಗಿ ತಿದ್ದಬಹುದು. ಆದರೆ ಅದರ ಆದೇಶಗಳು ಬಹುಮಟ್ಟಿಗೆ ಒಂದಾದ ಮೇಲೊಂದರಂತೆ ನಡೆಯುವುದರಿಂದ ಸಂಕೇತ ಸಂಸ್ಕರಣೆ ತಡವಾಗುತ್ತದೆ. ಒಂದೇ ಕಾರ್ಯಕ್ಕೆ ರೂಪಿಸಿದ ಚಿಪ್ ವೇಗವುಳ್ಳದ್ದು. ಆದರೆ ತಯಾರಾದ ಬಳಿಕ ಬದಲಾಗದು. ಫ್ರೀಮನ್ ಇವೆರಡರ ನಡುವಿನ ಮಾರ್ಗವನ್ನು ಕಂಡುಕೊಂಡರು: ಬಳಕೆದಾರರೇ ಒಳಜೋಡಣೆಯನ್ನು ಮತ್ತೆ ಮತ್ತೆ ಬದಲಿಸಬಲ್ಲ ಚಿಪ್. ಅದಕ್ಕೆ ಹೇರಳವಾಗಿ ಬೇಕಿದ್ದ ಟ್ರಾನ್ಸಿಸ್ಟರುಗಳು ಆಗ ದುಬಾರಿಯಾಗಿದ್ದವು. ಮುಂದೆ ಅವು ಅಗ್ಗವಾಗುವುವೆಂದು ನಂಬಿ, ೧೯೮೪ರಲ್ಲಿ ಇಬ್ಬರು ಸಂಗಡಿಗರೊಡನೆ ಝೈಲಿಂಕ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ೬೪ ತರ್ಕಘಟಕಗಳ ಮೊದಲ ಚಿಪ್ ೧೯೮೫ರಲ್ಲಿ ಹೊರಬಂದಿತು.

ನಾಲ್ಕೇ ವರ್ಷಗಳಲ್ಲಿ ಫ್ರೀಮನ್ ನಿಧನರಾದರು. ವಿಳಂಬ ಸಲ್ಲದ ರೇಡಾರ್, ದೂರಸಂಪರ್ಕ ಉಪಕರಣಗಳಲ್ಲಿ ಇಂದು ಎಫ್‌ಪಿಜಿಎ ವ್ಯಾಪಕವಾಗಿ ಬಳಕೆಯಲ್ಲಿದೆ.