ಆನಿ ಬೆಸೆಂಟ್: ನಂಬಿಕೆ ಮತ್ತು ಸಂಶಯಗಳ ನಡುವೆ ಒಂದು ಬದುಕು

ಮುಂಬಯಿಯ ವರ್ಲಿಯಲ್ಲಿ ಹಗಲಿರುಳು ವಾಹನಗಳಿಂದ ಗಿಜಿಗುಡುವ ಡಾ. ಆನಿ ಬೆಸೆಂಟ್ ರಸ್ತೆಯನ್ನು ಅರಿಯದ ಮುಂಬಯಿ ಕನ್ನಡಿಗರು ಇರಲಾರರು. ಚೆನ್ನೈಯಲ್ಲಿ ನೆಲೆಸಿದವರಿಗೆ ಕಡಲ ತಡಿಯ ಬೆಸೆಂಟ್ ನಗರ ಚಿರಪರಿಚಿತ. ಮಂಗಳೂರಿನಿಂದ ಬಂದು ಪರಊರುಗಳಲ್ಲಿ ಬೇರೂರಿದ ಮನೆತನಗಳಲ್ಲಿ ಬೆಸೆಂಟ್ ಶಾಲೆಯಲ್ಲಿ ಅಕ್ಷರ ಕಲಿತ ಅಜ್ಜಿಯೋ ಅತ್ತೆಯೋ ಒಬ್ಬರಾದರೂ ಸಿಕ್ಕಾರು. ಹೋಂ ರೂಲ್ ಚಳವಳಿಯ ನಾಯಕಿ, ಕಾಂಗ್ರೆಸ್ಸಿನ ಪ್ರಥಮ ಮಹಿಳಾ ಅಧ್ಯಕ್ಷೆ ಎಂದು ಪಠ್ಯಪುಸ್ತಕಗಳು ಅವರನ್ನು ಪರಿಚಯಿಸುತ್ತವೆ. ಆದರೆ ತಮ್ಮ ಬದುಕಿನ ಕೊನೆಯ ನಲವತ್ತನಾಲ್ಕು ವರ್ಷಗಳನ್ನು ಅವರು ಮುಡಿಪಾಗಿಟ್ಟದ್ದು ಥಿಯಾಸಫಿ ಎಂಬ ಪಂಥಕ್ಕೆ. ಆ ಪಂಥವನ್ನು ಅಂದಿನ ಜಗತ್ತು ಕುತೂಹಲದಿಂದ ನೋಡಿದಷ್ಟೇ ತೀವ್ರವಾಗಿ ಶಂಕಿಸಿತ್ತು ಎಂಬುದು ಇಂದು ಬಹುಮಟ್ಟಿಗೆ ಮರೆತುಹೋಗಿದೆ.

ಆನಿ ವುಡ್ ಜನಿಸಿದ್ದು 1847ರ ಅಕ್ಟೋಬರ್ 1ರಂದು, ಲಂಡನ್ನಿನಲ್ಲಿ. ಐರಿಷ್ ಮೂಲದ ಕುಟುಂಬ. ಐದರ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ತಾಯಿ ಹ್ಯಾರೋ ಶಾಲೆಯ ಬಾಲಕರಿಗಾಗಿ ವಸತಿಗೃಹ ನಡೆಸಿ ಸಂಸಾರ ತೂಗಿಸಿದರು. 1867ರಲ್ಲಿ ಫ್ರಾಂಕ್ ಬೆಸೆಂಟ್ ಎಂಬ ಪಾದ್ರಿಯೊಡನೆ ಆನಿಯ ವಿವಾಹವಾಯಿತು. ಡಿಗ್ಬಿ ಎಂಬ ಮಗ, ಮೇಬೆಲ್ ಎಂಬ ಮಗಳು ಜನಿಸಿದರು. 1871ರಲ್ಲಿ ಹಸುಗೂಸು ಮೇಬೆಲ್‌ಗೆ ನಾಯಿಕೆಮ್ಮು ತಗಲಿ ಬದುಕುಳಿಯುವುದೇ ಕಷ್ಟವೆನಿಸಿದಾಗ ತಾಯಿಯ ದೈವನಂಬಿಕೆ ಅಲುಗಾಡಿತು. ದಯಾಮಯನಾದ ದೇವರು ಏನೂ ಅರಿಯದ ಶಿಶುವನ್ನು ಏಕೆ ಹಿಂಸಿಸಬೇಕು ಎಂಬ ಪ್ರಶ್ನೆಗೆ ಅವರಿಗೆ ಉತ್ತರ ದೊರೆಯಲಿಲ್ಲ. ಮಗು ಉಳಿಯಿತು, ತಾಯಿಯ ನಂಬಿಕೆ ಉಳಿಯಲಿಲ್ಲ. ಪಾದ್ರಿಯ ಪತ್ನಿಯೇ ಚರ್ಚಿನ ಸಂಸ್ಕಾರಗಳಲ್ಲಿ ಪಾಲ್ಗೊಳ್ಳಲು ನಿರಾಕರಿಸಿದರು. 1873ರಲ್ಲಿ ದಂಪತಿಗಳು ಬೇರೆಯಾದರು.

ಮರುವರ್ಷ ಅವರು ಪ್ರಸಿದ್ಧ ನಾಸ್ತಿಕ ಚಿಂತಕ ಚಾರ್ಲ್ಸ್ ಬ್ರಾಡ್ಲಾ ಅವರ ನ್ಯಾಷನಲ್ ಸೆಕ್ಯುಲರ್ ಸೊಸೈಟಿಯನ್ನು ಸೇರಿದರು. ಸಾಕ್ಷ್ಯವಿಲ್ಲದೆ ಏನನ್ನೂ ಒಪ್ಪಲಾಗದು ಎಂದು ಸಾರುವ ಅವರ ಉಪನ್ಯಾಸಗಳಿಗೆ ಜನ ಮುಗಿಬೀಳುತ್ತಿದ್ದರು. 1877ರಲ್ಲಿ ಸಂತಾನನಿಯಂತ್ರಣ ಕುರಿತ ಹಳೆಯ ಪುಸ್ತಕವೊಂದನ್ನು ಇಬ್ಬರೂ ಸೇರಿ ಮರುಮುದ್ರಿಸಿದಾಗ ಅಶ್ಲೀಲತೆಯ ಆರೋಪದಲ್ಲಿ ಮೊಕದ್ದಮೆ ನಡೆದು ಶಿಕ್ಷೆಯೂ ಆಯಿತು. ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣದಿಂದ ಸೆರೆಮನೆ ತಪ್ಪಿತು. ಆದರೆ ಅದಕ್ಕಿಂತ ಘೋರವಾದ ದಂಡನೆ ಕಾದಿತ್ತು. 1878ರಲ್ಲಿ ನ್ಯಾಯಾಲಯವು ಆಕೆಯ ನಾಸ್ತಿಕತೆಯನ್ನೂ ಆ ಪುಸ್ತಕವನ್ನೂ ಮುಂದಿಟ್ಟುಕೊಂಡು ಎಂಟು ವರ್ಷ ತುಂಬಿರದ ಮೇಬೆಲ್‌ಳನ್ನು ತಾಯಿಯ ಮಡಿಲಿನಿಂದ ಕಿತ್ತು ತಂದೆಗೆ ಒಪ್ಪಿಸಿತು. ಈ ಘಟನೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮೂರೂವರೆ ದಶಕಗಳ ಬಳಿಕ ಅದರ ಪ್ರತಿಬಿಂಬವೊಂದು ಮದರಾಸಿನಲ್ಲಿ ಕಾಣಿಸಿಕೊಳ್ಳಲಿತ್ತು.

1885ರಲ್ಲಿ ಫೇಬಿಯನ್ ಸಮಾಜವಾದಿಗಳ ಬಳಗ ಸೇರಿದ ಅವರು ಬರ್ನಾರ್ಡ್ ಷಾ ಅವರ ಆಪ್ತ ಸಹವರ್ತಿಯಾದರು. 1888ರಲ್ಲಿ ಲಂಡನ್ನಿನ ಬ್ರಯಂಟ್ ಆಂಡ್ ಮೇ ಬೆಂಕಿಪೆಟ್ಟಿಗೆ ಕಾರ್ಖಾನೆಯ ಹೆಣ್ಣುಮಕ್ಕಳ ದುಃಸ್ಥಿತಿಯನ್ನು ಲೇಖನದ ಮೂಲಕ ಬಯಲಿಗೆಳೆದರು. ಸುಮಾರು 1400 ಮಂದಿ ಕೆಲಸ ನಿಲ್ಲಿಸಿ ಹೊರಬಂದರು. ಆ ಮುಷ್ಕರ ಗೆದ್ದಿತು. ಬಡವರ ಪರವಾಗಿ ನಿಲ್ಲುವ ನಿರ್ಭೀತ ವಿಚಾರವಾದಿ ಎಂಬ ಕೀರ್ತಿ ಇಂಗ್ಲೆಂಡಿನಾದ್ಯಂತ ಹಬ್ಬಿತು.

ಇಂಥವರು 1889ರ ಮೇ ತಿಂಗಳಲ್ಲಿ ಥಿಯಾಸಫಿಕಲ್ ಸೊಸೈಟಿಯನ್ನು ಸೇರಿದರೆಂದಾಗ ಗೆಳೆಯರಿಗೆ ಸಿಡಿಲೆರಗಿದಂತಾಯಿತು. ಪತ್ರಕರ್ತ ಡಬ್ಲ್ಯು. ಟಿ. ಸ್ಟೆಡ್ ಅವರು ವಿಮರ್ಶೆಗಾಗಿ ಕೊಟ್ಟ ಮೇಡಂ ಬ್ಲಾವಟ್ಸ್ಕಿಯವರ ಬೃಹತ್ ಗ್ರಂಥ ದಿ ಸೀಕ್ರೆಟ್ ಡಾಕ್ಟ್ರಿನ್ ಅವರ ಬಾಳಿನ ದಿಕ್ಕನ್ನೇ ಬದಲಿಸಿತ್ತು.

ಆ ಹೊತ್ತಿಗೆ ಥಿಯಾಸಫಿಯ ಸುತ್ತ ಕವಿದಿದ್ದ ಸಂಶಯದ ಮೋಡ ದಟ್ಟವಾಗಿಯೇ ಇತ್ತು. ರಷ್ಯಾ ಮೂಲದ ಬ್ಲಾವಟ್ಸ್ಕಿ, ಅಮೆರಿಕದ ಕರ್ನಲ್ ಆಲ್ಕಾಟ್ ಹಾಗೂ ವಿಲಿಯಂ ಜಡ್ಜ್ ಮೊದಲಾದವರು 1875ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಈ ಸಂಸ್ಥೆ 1879ರಲ್ಲಿ ಮುಂಬಯಿಗೆ ಬಂದಿಳಿದು, 1882ರ ಕೊನೆಯಲ್ಲಿ ಮದರಾಸಿನ ಅಡ್ಯಾರಿಗೆ ತನ್ನ ನೆಲೆಯನ್ನು ಬದಲಾಯಿಸಿತು. ವಿಜ್ಞಾನಿ ಎಡಿಸನ್, ಕವಿ ಯೇಟ್ಸ್, ಮುಂದೆ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣರಾದ ಎ. ಓ. ಹ್ಯೂಮ್ ಇವರೆಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಇದರ ಸದಸ್ಯರಾಗಿದ್ದವರೇ. ಪ್ರಸಿದ್ಧರ ಹೆಸರುಗಳು ಸಂಸ್ಥೆಗೆ ಮೆರುಗನ್ನು ತಂದವು. ಆದರೆ ಪ್ರಶ್ನೆಗಳನ್ನು ತಡೆಯಲಿಲ್ಲ. ಮೊದಮೊದಲು ಕೈಜೋಡಿಸಿದ್ದ ಆರ್ಯಸಮಾಜದ ದಯಾನಂದ ಸರಸ್ವತಿಯವರೇ 1882ರಲ್ಲಿ ಮುಂಬಯಿಯ ಸಭೆಯಲ್ಲಿ ಥಿಯಾಸಫಿಯನ್ನು ಬಹಿರಂಗವಾಗಿ ಖಂಡಿಸಿದರು.

ಹಿಮಾಲಯದಾಚೆ ವಾಸಿಸುವ ಮಹಾತ್ಮರು ತಮಗೆ ಅಲೌಕಿಕ ಮಾರ್ಗದಿಂದ ಪತ್ರಗಳನ್ನು ಕಳುಹಿಸುತ್ತಾರೆ ಎಂಬುದು ಬ್ಲಾವಟ್ಸ್ಕಿಯವರ ಪ್ರತಿಪಾದನೆಯಾಗಿತ್ತು. ಅಡ್ಯಾರಿನಲ್ಲಿ ಗೋಡೆಗೆ ಆತುಕೊಂಡಿದ್ದ ಮರದ ಮಂಟಪವೊಂದರಲ್ಲಿ ಇಂಥ ಪತ್ರಗಳು ಪ್ರತ್ಯಕ್ಷವಾಗುತ್ತಿದ್ದವು. 1884ರಲ್ಲಿ ಅಲ್ಲಿಯ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಎಮ್ಮಾ ಕುಲೋಂ ಎಂಬಾಕೆ ಹೊರಬಿದ್ದು, ಇದೆಲ್ಲ ತಾನೂ ತನ್ನ ಪತಿಯೂ ನೆರವಾಗಿ ನಡೆಸಿದ ಕೈಚಳಕವೆಂದು ಹೇಳಿ, ಬ್ಲಾವಟ್ಸ್ಕಿಯವರದೆನ್ನಲಾದ ಪತ್ರಗಳನ್ನು ಮದರಾಸು ಕ್ರಿಶ್ಚಿಯನ್ ಕಾಲೇಜಿನ ಪತ್ರಿಕೆಗೆ ಒಪ್ಪಿಸಿದರು. ಆ ಪತ್ರಗಳು ನಕಲಿಯೆಂದು ಬ್ಲಾವಟ್ಸ್ಕಿ ವಾದಿಸಿದರು. ಲಂಡನ್ನಿನ ಅತೀಂದ್ರಿಯ ಸಂಶೋಧನಾ ಸಂಸ್ಥೆ ರಿಚರ್ಡ್ ಹಾಜ್‌ಸನ್ ಎಂಬವರನ್ನು ತನಿಖೆಗೆ ಅಡ್ಯಾರಿಗೆ ಕಳುಹಿಸಿತು. 1885ರ ಡಿಸೆಂಬರಿನಲ್ಲಿ ಹೊರಬಿದ್ದ ವರದಿ ಬ್ಲಾವಟ್ಸ್ಕಿಯವರನ್ನು ವಂಚಕಿ ಎಂದೇ ತೀರ್ಮಾನಿಸಿತು. ನೂರು ವರ್ಷಗಳ ಬಳಿಕ, 1986ರಲ್ಲಿ, ಅದೇ ಸಂಸ್ಥೆಯ ಪತ್ರಿಕೆಯಲ್ಲಿ ಕೈಬರಹತಜ್ಞ ವರ್ನನ್ ಹ್ಯಾರಿಸನ್ ಅವರು ಆ ವರದಿಯ ವಿಧಾನವನ್ನು ಕಟುವಾಗಿ ಟೀಕಿಸಿದರು ಎಂಬುದನ್ನೂ ಇಲ್ಲಿ ಹೇಳಬೇಕು. ಅದೇನಿದ್ದರೂ ಆ ಕಾಲದ ಜನಮನದಲ್ಲಿ ಹಾಜ್‌ಸನ್ ವರದಿಯೇ ಅಂತಿಮವಾಗಿತ್ತು.

ಆನಿ ಬೆಸೆಂಟ್ ಅವರು ಇದನ್ನೆಲ್ಲ ಅರಿಯದೆ ಮರುಳಾದವರಲ್ಲ. ಸೇರುವ ಮೊದಲು ಆ ವರದಿಯನ್ನು ಓದಿ ಬನ್ನಿ ಎಂದು ಬ್ಲಾವಟ್ಸ್ಕಿಯವರೇ ಅವರಿಗೆ ತಿಳಿಸಿದ್ದರು. ಅವರು ಓದಿದರು, ಕುಲೋಂ ದಂಪತಿಗಳ ಮಾತು ನಂಬಲರ್ಹವಲ್ಲವೆಂದು ನಿರ್ಧರಿಸಿದರು, ಸೇರಿದರು. ಬ್ರಾಡ್ಲಾ ನೊಂದುಕೊಂಡರು. ವಿಚಾರವಾದಿ ಜಿ. ಡಬ್ಲ್ಯು. ಫೂಟ್ ಅವರು ಈ ಪರಿವರ್ತನೆಯನ್ನು ಪ್ರಶ್ನಿಸಿ ಕಿರುಹೊತ್ತಗೆಯನ್ನೇ ಬರೆದರು. ಹದಿನೈದು ವರ್ಷ ಇತರರಿಂದ ಸಾಕ್ಷ್ಯ ಕೇಳುತ್ತ ಬಂದವರು ಈಗ ತಾವೇ ಸಾಕ್ಷ್ಯ ಒದಗಿಸಬೇಕಾದ ಸ್ಥಾನದಲ್ಲಿ ನಿಂತಿದ್ದರು.

1891ರ ಮೇ 8ರಂದು ಬ್ಲಾವಟ್ಸ್ಕಿ ಲಂಡನ್ನಿನಲ್ಲಿ ನಿಧನ ಹೊಂದಿದರು. ಅದೇ ಆಗಸ್ಟಿನಲ್ಲಿ ಆನಿ ಬೆಸೆಂಟ್, ಹಳೆಯ ನಾಸ್ತಿಕ ಮಿತ್ರರಿಂದ ಬೀಳ್ಕೊಳ್ಳುವ ಸಭೆಯಲ್ಲಿ, ಬ್ಲಾವಟ್ಸ್ಕಿಯವರ ಮರಣಾನಂತರವೂ ಅದೇ ಕೈಬರಹದ ಮಹಾತ್ಮರ ಪತ್ರಗಳು ತಮಗೆ ಬಂದಿವೆ ಎಂದು ಘೋಷಿಸಿದರು. ಲಂಡನ್ನಿನ ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ಆದರೆ 1894ರ ವೇಳೆಗೆ ಆ ಪತ್ರಗಳು ತಮ್ಮ ಸಹೋದ್ಯೋಗಿ ಜಡ್ಜ್ ಅವರ ಕೈಯಿಂದಲೇ ಬರೆಯಲ್ಪಟ್ಟವು ಎಂಬ ನಿರ್ಧಾರಕ್ಕೆ ಅವರು ಬರಬೇಕಾಯಿತು. ತಾವು ತಪ್ಪು ತಿಳಿದು ಸಾರ್ವಜನಿಕರಿಗೆ ತಪ್ಪು ಹೇಳಿದ್ದೆವೆಂದು ಅವರು ಬಹಿರಂಗವಾಗಿ ಒಪ್ಪಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಗೆಜೆಟ್ ಪತ್ರಿಕೆ ಈ ಪ್ರಕರಣವನ್ನು ಧಾರಾವಾಹಿಯಾಗಿ ಬಯಲು ಮಾಡಿತು. ಮರುವರ್ಷ ಅಮೆರಿಕದ ಶಾಖೆ ಜಡ್ಜ್ ಅವರ ನಾಯಕತ್ವದಲ್ಲಿ ಸಿಡಿದು ಹೋಯಿತು. ಆನಿ ಬೆಸೆಂಟ್ ಅವರ ಶ್ರದ್ಧೆ ಮಾತ್ರ ಕದಲಲಿಲ್ಲ.

1893ರ ನವೆಂಬರಿನಲ್ಲಿ ಅವರು ಭಾರತಕ್ಕೆ ಬಂದರು. 1898ರಲ್ಲಿ ಕಾಶಿಯಲ್ಲಿ ಅವರು ಸ್ಥಾಪಿಸಿದ ಸೆಂಟ್ರಲ್ ಹಿಂದೂ ಕಾಲೇಜು ಮುಂದೆ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಬೀಜವಾಯಿತು. ಭಾರತೀಯರು ತಮ್ಮ ಪರಂಪರೆಯ ಬಗ್ಗೆ ತಲೆಯೆತ್ತಿ ಮಾತನಾಡುವಂತೆ ಮಾಡಿದ ಬಿಳಿಯ ಮಹಿಳೆಯನ್ನು ಜನ ಗೌರವಿಸಿದರು. ಆದರೂ ಟೀಕೆ ನಿಲ್ಲಲಿಲ್ಲ. 1897ರಲ್ಲಿ ಮದರಾಸಿನಲ್ಲಿ ಸ್ವಾಮಿ ವಿವೇಕಾನಂದರು ಥಿಯಾಸಫಿಸ್ಟರ ನಡವಳಿಕೆಯನ್ನು ನೇರವಾಗಿಯೇ ಆಕ್ಷೇಪಿಸಿದ್ದರು. 1907ರಲ್ಲಿ ಆಲ್ಕಾಟ್ ಮರಣಶಯ್ಯೆಯಲ್ಲಿದ್ದಾಗ ಮಹಾತ್ಮರು ಕಾಣಿಸಿಕೊಂಡು ಆನಿ ಬೆಸೆಂಟ್ ಅವರನ್ನು ಉತ್ತರಾಧಿಕಾರಿಯಾಗಿ ಸೂಚಿಸಿದರೆಂಬ ಸುದ್ದಿ ಸೊಸೈಟಿಯ ಒಳಗೇ ವಿವಾದವಾಯಿತು. ಕೊನೆಗೆ ಚುನಾವಣೆಯಲ್ಲಿ ಗೆದ್ದು ಅವರು ಅಧ್ಯಕ್ಷೆಯಾದರು. ಬಾಲಕರಿಗೆ ನೀಡಿದ ಅನುಚಿತ ಸಲಹೆಗಳ ಆರೋಪದಿಂದ 1906ರಲ್ಲಿ ಹೊರಹೋಗಿದ್ದ ಲೆಡ್‌ಬೀಟರ್ ಅವರನ್ನು ಮತ್ತೆ ಸೇರಿಸಿಕೊಂಡದ್ದು ಅವರ ಬಾಳಿನ ಅತ್ಯಂತ ದುಬಾರಿ ನಿರ್ಧಾರವಾಯಿತು.

1909ರಲ್ಲಿ ಇದೇ ಲೆಡ್‌ಬೀಟರ್ ಅಡ್ಯಾರಿನ ಕಡಲತೀರದಲ್ಲಿ ಆಡುತ್ತಿದ್ದ ತೆಲುಗು ಬ್ರಾಹ್ಮಣ ಬಾಲಕನೊಬ್ಬನಲ್ಲಿ ಮುಂಬರುವ ಜಗದ್ಗುರುವನ್ನು ಕಂಡರು. ಆತನೇ ಜಿಡ್ಡು ಕೃಷ್ಣಮೂರ್ತಿ. ತಂದೆ ನಾರಾಯಣಯ್ಯನವರು ಸರ್ಕಾರಿ ಸೇವೆಯಿಂದ ನಿವೃತ್ತರಾಗಿ ಸೊಸೈಟಿಯಲ್ಲಿ ಕೆಲಸ ಮಾಡುತ್ತಿದ್ದವರು. ತಾಯಿಯಿಲ್ಲದ ಕೃಷ್ಣಮೂರ್ತಿ ಮತ್ತು ತಮ್ಮ ನಿತ್ಯಾನಂದರ ಪೋಷಣೆಯನ್ನು ಅವರು 1910ರಲ್ಲಿ ಲಿಖಿತವಾಗಿ ಆನಿ ಬೆಸೆಂಟ್ ಅವರಿಗೆ ಒಪ್ಪಿಸಿದರು. 1911ರಲ್ಲಿ ಬಾಲಕನ ಸುತ್ತ ಆರ್ಡರ್ ಆಫ್ ದಿ ಸ್ಟಾರ್ ಇನ್ ದಿ ಈಸ್ಟ್ ಎಂಬ ಸಂಘ ರೂಪುಗೊಂಡಿತು. ಇದನ್ನು ಒಪ್ಪದ ಜರ್ಮನಿಯ ರುಡಾಲ್ಫ್ ಸ್ಟೈನರ್ ತಮ್ಮದೇ ಹಾದಿ ಹಿಡಿದರು. ಕಾಶಿಯಲ್ಲಿ ಹಳೆಯ ಒಡನಾಡಿ ಡಾ. ಭಗವಾನ್ ದಾಸ್ ಅವರೇ ವಿರೋಧಿಸಿದರು.

ಲೆಡ್‌ಬೀಟರ್ ಅವರ ಸಹವಾಸದಿಂದ ಮಕ್ಕಳನ್ನು ದೂರವಿಡಬೇಕೆಂಬ ತಮ್ಮ ಬೇಡಿಕೆ ಈಡೇರದಾಗ ನಾರಾಯಣಯ್ಯನವರು 1912ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಒಂದು ಕಾಲಕ್ಕೆ ಮಗಳನ್ನು ಕಳೆದುಕೊಂಡು ಕಟಕಟೆಯೆದುರು ನಿಂತಿದ್ದ ತಾಯಿ ಈಗ ತಂದೆಯೊಬ್ಬನಿಗೆ ಮಕ್ಕಳನ್ನು ಹಿಂದಿರುಗಿಸಲಾರೆನೆಂದು ತಾವೇ ವಾದ ಮಂಡಿಸಿದರು. ತಂದೆಯ ಪರ ವಕೀಲರು ಸಿ. ಪಿ. ರಾಮಸ್ವಾಮಿ ಅಯ್ಯರ್. 1913ರ ಏಪ್ರಿಲಿನಲ್ಲಿ ಮದರಾಸು ಹೈಕೋರ್ಟು ತಂದೆಯ ಪರವಾಗಿ ತೀರ್ಪಿತ್ತಿತು. ಅತಿ ಗಂಭೀರವಾದ ಆರೋಪ ರುಜುವಾತಾಗಲಿಲ್ಲವಾದರೂ ಲೆಡ್‌ಬೀಟರ್ ಅವರ ವಿಚಾರಗಳು ಬಾಲಕರ ಒಡನಾಟಕ್ಕೆ ತಕ್ಕವಲ್ಲವೆಂದು ನ್ಯಾಯಮೂರ್ತಿಗಳು ಹೇಳಿದರು. ಮೇಲ್ಮನವಿಯಲ್ಲೂ ಸೋತ ಆನಿ ಬೆಸೆಂಟ್ 1914ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ನಲ್ಲಿ ಕಾನೂನಿನ ಪ್ರಕ್ರಿಯೆಯ ಅಂಶಗಳ ಮೇಲೆ ಗೆದ್ದರು. ಮಕ್ಕಳು ಇಂಗ್ಲೆಂಡಿನಲ್ಲೇ ಉಳಿದರು. ತಂದೆ ಬರಿಗೈಯಲ್ಲಿ ಉಳಿದರು.

ಆದರೆ ಅದೇ ರಾಮಸ್ವಾಮಿ ಅಯ್ಯರ್ ಕೆಲವೇ ವರ್ಷಗಳಲ್ಲಿ ಹೋಂ ರೂಲ್ ಚಳವಳಿಯಲ್ಲಿ ಆನಿ ಬೆಸೆಂಟ್ ಅವರ ಬಲಗೈಯಾದರು. ಅವರ ಥಿಯಾಸಫಿಯನ್ನು ಒಪ್ಪದವರಿಗೂ ಅವರ ದೇಶಸೇವೆಯಲ್ಲಿ ಸಂಶಯವಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. 1917ರ ಜೂನಿನಲ್ಲಿ ಸರ್ಕಾರ ಅವರನ್ನು ಊಟಿಯಲ್ಲಿ ದಿಗ್ಬಂಧನದಲ್ಲಿಟ್ಟಾಗ ದೇಶವೇ ಪ್ರತಿಭಟಿಸಿತು. ಬಿಡುಗಡೆಯಾದ ಅವರು ಅದೇ ಡಿಸೆಂಬರಿನ ಕಲ್ಕತ್ತಾ ಅಧಿವೇಶನದಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನೇರಿದರು.

ಜಗದ್ಗುರುವಿನ ನಿರೀಕ್ಷೆ ಮಾತ್ರ ಬೆಳೆಯುತ್ತಲೇ ಹೋಯಿತು. ವಾಸ್ತುಶಿಲ್ಪಿ ಲುಟ್ಯೆನ್ಸ್ ಅವರ ಪತ್ನಿ ಲೇಡಿ ಎಮಿಲಿಯಂಥ ಶ್ರೀಮಂತ ಮನೆತನದವರು ಅನುಯಾಯಿಗಳಾದರು. ಹಾಲೆಂಡಿನ ಶ್ರೀಮಂತರೊಬ್ಬರು ಕೋಟೆಮನೆಯನ್ನೇ ಸಂಘಕ್ಕೆ ಕಾಣಿಕೆಯಾಗಿತ್ತರು. 1925ರಲ್ಲಿ ಓಮೆನ್ ಶಿಬಿರದಲ್ಲಿ ಆನಿ ಬೆಸೆಂಟ್ ಜಗದ್ಗುರುವಿನ ಶಿಷ್ಯರ ಹೆಸರುಗಳನ್ನೇ ಘೋಷಿಸಿದರು. 1926ರಲ್ಲಿ ಕೃಷ್ಣಮೂರ್ತಿಯವರೊಡನೆ ಅಮೆರಿಕಕ್ಕೆ ಹೋದಾಗ ಅಲ್ಲಿಯ ಪತ್ರಿಕೆಗಳು ಲೇವಡಿ ಮಾಡಿದವು. ಆದರೆ ಅತ್ಯಂತ ನಿರ್ಣಾಯಕವಾದ ಸಂಶಯ ಹೊರಗಿನಿಂದ ಬರಲಿಲ್ಲ. 1929ರ ಆಗಸ್ಟ್ 3ರಂದು ಓಮೆನ್‌ನಲ್ಲಿ, ಸುಮಾರು 3000 ಅನುಯಾಯಿಗಳ ಸಮಕ್ಷಮ, 81ರ ಹರೆಯದ ಆನಿ ಬೆಸೆಂಟ್ ಕುಳಿತು ಕೇಳುತ್ತಿದ್ದಂತೆಯೇ, ಕೃಷ್ಣಮೂರ್ತಿಯವರು ತಮ್ಮ ಹೆಸರಿನ ಸಂಘವನ್ನು ವಿಸರ್ಜಿಸಿದರು. ಸತ್ಯಕ್ಕೆ ಯಾವ ಸಂಘಟನೆಯೂ ದಾರಿಯಾಗದು, ತಮಗೆ ಅನುಯಾಯಿಗಳು ಬೇಡ ಎಂಬುದು ಅವರ ನಿಲುವಾಗಿತ್ತು. ಕಾಣಿಕೆಗಳನ್ನು ದಾನಿಗಳಿಗೆ ಹಿಂದಿರುಗಿಸಲಾಯಿತು.

ವೃದ್ಧೆಗೆ ಇದು ದೊಡ್ಡ ಆಘಾತ. ಆದರೂ ಮಗನಂತೆ ಸಾಕಿದವನ ಮೇಲಿನ ಮಮತೆ ಅವರಲ್ಲಿ ಬತ್ತಲಿಲ್ಲ. ಕೃಷ್ಣಮೂರ್ತಿಯವರೂ ಕೊನೆಯವರೆಗೆ ಅವರನ್ನು ತಾಯಿಯಂತೆ ಕಂಡರು. 1933ರ ಸೆಪ್ಟೆಂಬರ್ 20ರಂದು ಆನಿ ಬೆಸೆಂಟ್ ಅಡ್ಯಾರಿನಲ್ಲಿ ಕೊನೆಯುಸಿರೆಳೆದರು.

ಕನ್ನಡಿಗರಿಗೆ ಈ ಕಥೆಗೆ ಇನ್ನೊಂದು ಕೊಂಡಿಯಿದೆ. ಅವರ ರಾಷ್ಟ್ರೀಯ ಶಿಕ್ಷಣ ಚಳವಳಿಯ ಫಲವಾಗಿ 1917ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲ್ ಹುಟ್ಟಿತು. ಹಳ್ಳಿಯಿಂದ ಬಂದು ಅಲ್ಲಿ ಓದಿದ ಬಡ ಬಾಲಕನೇ ಮುಂದೆ ನಾಡು ಮೆಚ್ಚಿದ ಡಾ. ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿಯನ್ನೇ ರಚಿಸಿ, ಪ್ರಶ್ನಿಸದೆ ಒಪ್ಪಬೇಡಿ ಎಂದು ಸಾರಿದವರು ಅವರು. ಮಹಾತ್ಮರ ಪತ್ರಗಳನ್ನು ನಂಬಿದ ಮಹಿಳೆ ನೆಟ್ಟ ಗಿಡದಲ್ಲಿ ವಿಚಾರವಾದದ ಹಣ್ಣು ಬಿಟ್ಟಿತು.

ಹಿರಿಯರೊಬ್ಬರು ನಂಬಿದರೆಂಬ ಕಾರಣಕ್ಕೆ ನಂಬಿಕೆ ನಿಜವಾಗುವುದಿಲ್ಲ. ನಂಬಿಕೆ ತಪ್ಪಾಯಿತೆಂಬ ಕಾರಣಕ್ಕೆ ಅವರ ಸೇವೆ ಸುಳ್ಳಾಗುವುದೂ ಇಲ್ಲ. ಪ್ರತಿ ಮಹಾನಗರದಲ್ಲೂ ಹೊಸ ಹೊಸ ಗುರುಗಳು, ಅವರ ಸುತ್ತ ಹೆಸರಾಂತ ಭಕ್ತರು ಕಾಣಿಸಿಕೊಳ್ಳುವ ಈ ದಿನಗಳಲ್ಲಿ, ವರ್ಲಿಯ ರಸ್ತೆಯ ಹೆಸರುಫಲಕವನ್ನು ಕಂಡಾಗ ಈ ಎರಡು ಮಾತುಗಳೂ ನೆನಪಾದರೆ ಆ ದೀರ್ಘ ಬದುಕಿಗೆ ನಾವು ಸಲ್ಲಿಸುವ ಗೌರವ ಅದೇ.